ಶಾಯಿಯಕ್ಕನ ಹೊಟ್ಟೆಕಿಚ್ಚು

ಹೋಟೆಲಿನ ಹಿಂಬಾಗಿಲಿಗೆ ಇನ್ನೂ ಬೆಳಕು ಬಂದಿಲ್ಲ. ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ಶಾಯಿಯಕ್ಕ ಒಂದು ಬೊಂಡಾಸನ್ನು ಮೇಲೆತ್ತುತ್ತಾರೆ. ಸ್ಕ್ವಿಡ್ ಎನ್ನುತ್ತಾರಲ್ಲ, ಹತ್ತು ತೋಳಿನ, ಜಾರುವ ಮೈಯ ಆ ಕಡಲ ಜೀವಿ. ಎಡಗೈಯಲ್ಲಿ ಮೈ, ಬಲಗೈಯಲ್ಲಿ ತಲೆ. ಮೆಲ್ಲಗೆ ಒಂದು ಎಳೆತ. ತಲೆಯ ಜೊತೆ ಕರುಳು, ಕರುಳಿಗೆ ಅಂಟಿಕೊಂಡು ಬೆಳ್ಳಗೆ ಹೊಳೆಯುವ ಸಣ್ಣ ಚೀಲ. ಅದರೊಳಗೆ ಶಾಯಿ. ಉಗುರು ತಾಗಿದರೆ ಒಡೆಯುತ್ತದೆ. ಇವರ ಕೈಯಲ್ಲಿ ಒಡೆಯುವುದಿಲ್ಲ. ಬಟ್ಟಲಿಗೆ ಬೀಳುತ್ತದೆ, ಕೈ ಮುಂದಿನದಕ್ಕೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಎರಡು ಪೆಟ್ಟಿಗೆ ಖಾಲಿ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಶಾಯಿಯಕ್ಕ ಎಂಬ ಹೆಸರು ಬಂದದ್ದು ಅದರಿಂದ.

ಈ ಶಾಯಿಯಲ್ಲಿ ಬೇಯುವ ಇಟಲಿಯ ರಿಸೊಟ್ಟೊಗೆ ಅಡುಗೆಮನೆಯವರ ಬಾಯಲ್ಲಿ 'ಕಪ್ಪನ್ನ' ಎಂದೇ ಹೆಸರು. ಅದನ್ನು ತಿನ್ನಲು ದೂರದಿಂದ ಕಾರುಗಳು ಬರುತ್ತವೆ. ಹೋಟೆಲಿನ ಗೋಡೆಯ ಮೇಲೆ ದೊಡ್ಡದೊಂದು ಫೋಟೊ ಇದೆ. ಅದರಲ್ಲಿ ತಟ್ಟೆಯಿದೆ, ಉದ್ದ ಟೋಪಿಯಿದೆ, ಟೋಪಿಯ ಕೆಳಗೆ ನಗುವ ಅಡುಗೆಯವನಿದ್ದಾನೆ. ಅವನು ಶಾಯಿಯಕ್ಕನ ಒಡಹುಟ್ಟಿದ ತಮ್ಮ. ಫೋಟೊ ತೆಗೆಯುವಾಗ ಅಕ್ಕನಿಗೆ "ಸ್ವಲ್ಪ ಆ ಕಡೆ ಸರೀರಿ" ಎಂದಿದ್ದರಂತೆ.

ಪತ್ರಿಕೆಗೆ ಬರೆಯಲು ಬಂದವರು ತಮ್ಮನ ಮೇಲೆ ಹೊಟ್ಟೆಕಿಚ್ಚೇ ಎಂದು ಕೇಳಿದರೆ ಬೇರೆ ಯಾರಾದರೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಶಾಯಿಯಕ್ಕ ಕೈಯಲ್ಲಿದ್ದ ಬೊಂಡಾಸನ್ನು ಕೆಳಗಿಡುವುದೂ ಇಲ್ಲ.

"ಮತ್ತಿನ್ನೇನು, ಹಾಲು ಕುಡಿದಷ್ಟು ಸಂತೋಷವಾ? ಉರಿಯುತ್ತೆ. ಬರ್ಕೊಳ್ಳಿ. ಯಾರೋ ಮೂರನೆಯವನಾಗಿದ್ರೆ ಇಷ್ಟು ಉರೀತಿರ್ಲಿಲ್ಲ. ಇವನು ನಾನು ಮೂಗು ಒರೆಸಿ ಬೆಳೆಸಿದವನು."

ಅಕ್ಕ ತಮ್ಮ ಇಬ್ಬರೂ ಮೊದಲು ದುಡಿದದ್ದು ಸಿಗಡಿ, ಬೊಂಡಾಸ್ ಬಿಡಿಸಿ ಪೆಟ್ಟಿಗೆ ತುಂಬುವ ಶೆಡ್ಡಿನಲ್ಲಿ. ಒದ್ದೆ ಸಿಮೆಂಟು ನೆಲ, ರಬ್ಬರ್ ಬೂಟು, ಐಸಿನಲ್ಲಿ ಮರಗಟ್ಟಿದ ಬೆರಳು. ಸಿಗಡಿಯ ಮುಳ್ಳು ಚುಚ್ಚಿದ ಗಾಯಕ್ಕೆ ಉಪ್ಪುನೀರೇ ಮದ್ದು. ಮೈಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ. "ಒಂದು ಲೆಕ್ಕದಲ್ಲಿ ರಾಜಯೋಗ," ಎನ್ನುತ್ತಾರೆ ಅಕ್ಕ. "ಎಷ್ಟೇ ರಶ್ ಇರ್ಲಿ, ನಮಗೆ ಕಾಲು ಚಾಚಿ ಕೂರೋಷ್ಟು ಜಾಗ."

ತಮ್ಮನಿಗೆ ಆ ತಣ್ಣೀರು ಆಗಿಬರುತ್ತಿರಲಿಲ್ಲ. ಬೆರಳು ಊದಿಕೊಳ್ಳುತ್ತಿದ್ದವು. ಮೇಸ್ತ್ರಿ ಅತ್ತ ತಿರುಗಿದ ತಕ್ಷಣ ಅವನ ಪಾಲಿನ ಬೊಂಡಾಸನ್ನು ಅಕ್ಕ ತನ್ನ ಬುಟ್ಟಿಗೆ ಎಳೆದುಕೊಳ್ಳುತ್ತಿದ್ದರು. ಅವನು ಐಸ್ ಒಡೆಯುತ್ತಿದ್ದ, ಪೆಟ್ಟಿಗೆ ಹೊರುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ. ಚೀಲ ಬಿಡಿಸುವುದನ್ನು ಮಾತ್ರ ಕಲಿಯಲೇ ಇಲ್ಲ.

ಶೆಡ್ಡಿಗೆ ಬೀಗ ಬಿದ್ದ ಮೇಲೆ ಇಬ್ಬರೂ ಈ ಹೋಟೆಲಿಗೆ ಬಂದರು. ಆಗಿದ್ದ ಹಳೆಯ ಅಡುಗೆಯವರು ಇಬ್ಬರನ್ನೂ ಒಂದೇ ಒಲೆಯ ಮುಂದೆ ನಿಲ್ಲಿಸಿ ಕಪ್ಪನ್ನ ಕಲಿಸಿದರು. ಅವರು ಕೆಲಸ ಬಿಟ್ಟಾಗ ಮಾಲೀಕರು ಕರೆದದ್ದು ತಮ್ಮನನ್ನು. ಆ ಬಾಣಲೆ ಹೆಂಗಸರ ಕೈಗೆ ಭಾರವಂತೆ! ಐಸ್ ತುಂಬಿದ ಪೆಟ್ಟಿಗೆಗಳನ್ನು ದಿನಾ ಲಾರಿಯಿಂದ ಒಳಗೆ ಎಳೆದು ತರುವವರು ಯಾರು ಎಂದು ಒಬ್ಬರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಬೇರೆಯವರದು ಹಾಳಾಗಲಿ, ತಮ್ಮನ ಬಾಯಿಗೆ ಏನಾಗಿತ್ತು?

ಈಗ ಬೀದಿಯ ಕೊನೆಯಲ್ಲಿ ಮಾಲೀಕರು ಇನ್ನೊಂದು ಹೋಟೆಲು ತೆರೆಯುತ್ತಿದ್ದಾರೆ. ಅಲ್ಲಿನ ಒಲೆಗೆ ಒಬ್ಬರು ಬೇಕು. "ನನಗೆ ಕೊಡಿ" ಎಂದು ಅಕ್ಕ ಬಾಯಿಬಿಟ್ಟು ಕೇಳಿದ್ದಾರೆ. ಇವತ್ತು ಬೆಳಗ್ಗೆ ಅದಕ್ಕೇ ಪರೀಕ್ಷೆ. ಅಕ್ಕ ಬೇಯಿಸಬೇಕು, ಮಾಲೀಕರು ತಿಂದು ನೋಡಬೇಕು. ಅಕ್ಕ ಮುಂಜಾನೆ ಬಿಡಿಸಿಟ್ಟ ಶಾಯಿ ಮಧ್ಯಾಹ್ನದ ಗಿರಾಕಿಗಳ ಪಾಲಿನದು. ಪರೀಕ್ಷೆಗೆ ಬೇರೆ ಬೊಂಡಾಸ್. ಒಲೆ ಬಿಟ್ಟು ಅಲ್ಲಾಡುವ ಹಾಗಿಲ್ಲದ ಅಡುಗೆಯಾದ್ದರಿಂದ ಅದನ್ನು ಬಿಡಿಸಿಕೊಡುವ ಕೆಲಸ ತಮ್ಮನದು.

ಬೆಣ್ಣೆಯಲ್ಲಿ ಈರುಳ್ಳಿ ಮೆತ್ತಗಾಗುತ್ತದೆ. ಒಣ ಅಕ್ಕಿ ಬೀಳುತ್ತದೆ. ಸಿಗಡಿ ತಲೆ ಕುದಿಸಿದ ಬಿಸಿ ಸಾರನ್ನು ಅಕ್ಕ ಸೌಟು ಸೌಟಾಗಿ ಹಾಕಿ ತಿರುವುತ್ತಾರೆ. ಹಿಂದೆ ತಮ್ಮ ಬೊಂಡಾಸ್ ಹಿಡಿದು ಬೆವರುತ್ತಿದ್ದಾನೆ.

"ಲೋ, ಅದಕ್ಕೇನು ಜೋಗುಳ ಹಾಡ್ತಿದೀಯಾ? ಎಳಿಯೋ!"

"ಜಾರುತ್ತೆ ಅಕ್ಕಾ."

"ಜಾರದೆ ಇನ್ನೇನು, ಬಂದು ಕೈ ಕುಲುಕುತ್ತಾ?"

ಪಚಕ್. ಚೀಲ ಒಡೆದು ಶಾಯಿಯೆಲ್ಲ ಅವನ ಬಿಳಿ ಕೋಟಿನ ಮೇಲೆ. ಇನ್ನೊಂದು. ಮತ್ತೊಂದು. ಕೊನೆಗೆ ಬಟ್ಟಲಿನಲ್ಲಿ ಉಳಿದದ್ದು ಒಂದು ಚಮಚ. ಅನ್ನಕ್ಕೆ ಬೆರೆಸಿದರೆ ಬೂದಿಯ ಬಣ್ಣ.

ಅಕ್ಕನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲೇ ಮಧ್ಯಾಹ್ನದ ಬಟ್ಟಲು ತುಂಬಿ ನಿಂತಿದೆ. ತಮ್ಮ ಅತ್ತ ಕಣ್ಸನ್ನೆ ಮಾಡುತ್ತಾನೆ. "ಅದನ್ನ ತಗೋ ಅಕ್ಕಾ. ಯಾರಿಗೂ ಗೊತ್ತಾಗಲ್ಲ."

"ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ. ಇವತ್ತು ಗೊತ್ತಾಗ್ಲಿ."

ಬೂದಿ ಬಣ್ಣದ ಅನ್ನವೇ ತಟ್ಟೆಗೆ ಹೋಗುತ್ತದೆ.

ಮಾಲೀಕರು ಎರಡು ಚಮಚ ತಿಂದು, ಹದ ಚೆನ್ನಾಗಿದೆ ಎನ್ನುತ್ತಾರೆ. ಆಮೇಲೆ ತಟ್ಟೆ ನೋಡುತ್ತಾರೆ, ತಮ್ಮನ ಕೋಟು ನೋಡುತ್ತಾರೆ, ವಿಷಯ ಅರ್ಥವಾಗುತ್ತದೆ. ಏನು ಅರ್ಥ ಮಾಡಿಕೊಂಡರು ಎಂಬುದೇ ಮೈ ಉರಿಸುವ ಸಂಗತಿ.

"ನೀವು ಹಿಂದೆ ಇಲ್ದಿದ್ರೆ ಇಲ್ಲಿ ಅನ್ನ ಕಪ್ಪಾಗಲ್ಲ ಅಂತಾಯ್ತು. ನಿಮ್ಮನ್ನ ಅಲ್ಲಿಂದ ಎಬ್ಬಿಸೋ ಹಾಗೇ ಇಲ್ಲ ಬಿಡಿ."

ಇದು ಹೊಗಳಿಕೆಯಂತೆ! ಚೀಲ ಒಡೆದವನಿಗೆ ಒಲೆ, ಒಡೆಯದವರಿಗೆ ಮೂಲೆ. ಇಂಥ ಹೊಗಳಿಕೆಯ ಮೊಳೆ ಹೊಡೆದೇ ಎಷ್ಟು ಜನರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದಾರೋ.

ಅಕ್ಕ ಸೌಟು ಕೆಳಗಿಡುತ್ತಾರೆ. ಒದ್ದೆ ಏಪ್ರನ್ ಬಿಚ್ಚಿ, ಮಡಿಸಿ, ಮಾಲೀಕರ ತಟ್ಟೆಯ ಪಕ್ಕ ಇಡುತ್ತಾರೆ.

"ಹಾಗಾದ್ರೆ ಕೇಳಿ ಸಾರ್. ಇನ್ಮೇಲೆ ನಾನು ಬಿಡಿಸಿದ್ದನ್ನ ನಾನೇ ಬೇಯಿಸೋದು. ಆಗಲ್ಲ ಅಂದ್ರೆ ಹೇಳಿಬಿಡಿ, ಈಗ್ಲೇ ಮನೆಗೆ ಹೋಗ್ತೀನಿ. ನಾಳೆಯಿಂದ ಬರೋರಿಗೆಲ್ಲ ಈ ಬೂದಿನೇ ಬಡಿಸಿ."

ಮಾಲೀಕರು ತಮ್ಮನ ಮುಖ ನೋಡುತ್ತಾರೆ. ಕೋಟಿನ ಕಲೆ ಉಜ್ಜುತ್ತಿದ್ದ ಅವನು ಕಡೆಗೂ ಬಾಯಿ ತೆರೆಯುತ್ತಾನೆ. "ಕೊಟ್ಬಿಡಿ ಸಾರ್. ಅವಳು ಹೋಗ್ತೀನಿ ಅಂದ್ರೆ ಹೋದ್ಲೇ. ಇಲ್ಲೀದು ನಾನೇ ಬಿಡಿಸ್ಕೊತೀನಿ, ಕಲೀತೀನಿ."

"ಕಲಿಯೋ ತನಕ ಕಪ್ಪು ಕೋಟ್ ಹಾಕ್ಕೋ," ಎನ್ನುತ್ತಾರೆ ಅಕ್ಕ.

ಹೊಸ ಹೋಟೆಲಿನ ಒಲೆ ಅಕ್ಕನಿಗೇ ಎಂದು ಹೇಳಿ ಮಾಲೀಕರು ಎದ್ದು ಹೋಗುತ್ತಾರೆ, ಹರಳೆಣ್ಣೆ ಕುಡಿದ ಮುಖ ಹೊತ್ತುಕೊಂಡು.

ಶಾಯಿಯಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಉಳಿದ ಅನ್ನವನ್ನು ಬಾಣಲೆಯಿಂದಲೇ ತಿನ್ನುತ್ತಾರೆ. ಒಲೆ ಸಿಕ್ಕಿತಲ್ಲ, ಇನ್ನೇನಾದರೂ ಆಸೆ ಉಂಟೇ ಎಂದರೆ ತುತ್ತು ನುಂಗಿ, ಒಳಗೆ ತಮ್ಮ ಇರುವ ಕಡೆ ಕತ್ತು ವಾಲಿಸುತ್ತಾರೆ.

"ಇವನು ಒಂದಿನ ಬಿಡುವು ಮಾಡ್ಕೊಂಡು ಆ ಹೋಟೆಲ್ ಹತ್ರ ಬರ್ಬೇಕು. ಬಾಗಿಲಲ್ಲಿ ನಿಂತು, ನನ್ನ ತಟ್ಟೆ ಮೇಜಿಗೆ ಹೋಗೋದನ್ನ ನೋಡ್ಬೇಕು. ನೋಡಿ ಹೊಟ್ಟೆ ಉರ್ಕೋಬೇಕು. ಜಾಸ್ತಿ ಬೇಡ, ಸ್ವಲ್ಪ ಸಾಕು. ನನ್ನ ತಮ್ಮ ಅಲ್ವಾ."