ಕರೆಂಟು ಹೋದ ಮೇಲಿನ ಸಿನಿಮಾ

ನನಗೊಂದು ರೋಗವಿದೆ. ಬೆಳಿಗ್ಗೆ ಬಟ್ಟೆ ಅಂಗಡಿಯ ಬಾಗಿಲು ತೆಗೆದು, ದೇವರ ಫೋಟೋಕ್ಕೆ ಊದುಬತ್ತಿ ಬೆಳಗಿ ಕೂತ ಕೂಡಲೇ ಮೊಬೈಲು ತೆಗೆದು, ‘ಆ ಕಾಲವೇ ಚೆಂದವಿತ್ತು’ ಎಂದು ಇವತ್ತು ಯಾರು ಬರೆದಿದ್ದಾರೆ ಎಂದು ಹುಡುಕುತ್ತೇನೆ. ಯಾರಾದರೊಬ್ಬರು ಬರೆದೇ ಇರುತ್ತಾರೆ. ಮಸ್ಕಿಯ ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದವರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಕಂದೀಲಿನ ಚಿತ್ರ ಬರುತ್ತದೆ, ಒಳಕಲ್ಲಿನ ಚಿತ್ರ ಬರುತ್ತದೆ, ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ಸಿಕ್ಕಿಸಿದ ಚಿತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತದೆ. ನಾನು ಎಲ್ಲಕ್ಕೂ ಕೈ ಮುಗಿಯುತ್ತೇನೆ. ಕಂದೀಲಿನ ಚಿತ್ರ ಹಾಕುವಾತನ ಮನೆಯಲ್ಲಿ ಸೆಕೆಗಾಲಕ್ಕೆ ಎರಡು ಏಸಿ ಓಡುತ್ತವೆ. ಒಳಕಲ್ಲನ್ನು ನೆನೆದು ಕಣ್ಣೀರಿಡುವ ಅವನ ಹೆಂಡತಿ, ಇದ್ದ ಒಳಕಲ್ಲನ್ನು ಬಚ್ಚಲ ಹತ್ತಿರ ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿ ಹೂಳಿಸಿದ್ದಾಳೆ.

ಹಾಗೆ ನೋಡಿದರೆ ಹಳೆಯದನ್ನು ಹೊತ್ತು ಮೆರೆಯುವುದು ನಮ್ಮೂರಿಗೆ ಹೊಸದಲ್ಲ. ಚಕ್ರವರ್ತಿಯೊಬ್ಬ ತನ್ನ ಮಾತನ್ನು ನಮ್ಮ ಗುಡ್ಡದ ಬಂಡೆಗೆ ಕೊರೆಸಿ ಹೋಗಿ ಎರಡು ಸಾವಿರ ವರ್ಷಗಳ ಮೇಲಾಯಿತು. ಇಂದಿಗೂ ಹೊರಗಿನವರು ಮಸ್ಕಿ ಎಂದರೆ ಅದನ್ನೇ ಕೇಳುತ್ತಾರೆ. ನಮ್ಮಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ, ಆದರೆ ನಮ್ಮಜ್ಜನೇ ಕೂತು ಕೊರೆದಷ್ಟು ಜಂಬದಿಂದ ತೋರಿಸುತ್ತೇವೆ. ಕಲ್ಲಿಗೆ ಕೊರೆದದ್ದು ಉಳಿಯುತ್ತದೆ ಎಂಬುದಕ್ಕೆ ಆ ಬಂಡೆ ಸಾಕ್ಷಿ. ಗಾಳಿಗೆ ಹೇಳಿದ್ದೂ ಉಳಿಯುತ್ತದೆ ಎಂಬುದಕ್ಕೆ ನಮ್ಮ ಓಣಿಯ ಅಮರಮ್ಮತ್ತೆ ಸಾಕ್ಷಿ.

ಅಮರಮ್ಮತ್ತೆ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಮತ್ತು ಒಗ್ಗರಣಿಯ ಬಂಡಿ ಇಟ್ಟುಕೊಂಡಿದ್ದಳು. ಬೆಂಗಳೂರಿನವರು ಪುರಿ ಎನ್ನುವುದಕ್ಕೆ ನಾವು ಮಂಡಾಳು ಎನ್ನುತ್ತೇವೆ. ಅದನ್ನು ನೀರಲ್ಲಿ ಅದ್ದಿ ಹಿಂಡಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ, ಅಂದರೆ ಹುರಿಗಡಲೆಯ ಹಿಟ್ಟು ಉದುರಿಸಿದರೆ ಒಗ್ಗರಣಿ. ಜಗತ್ತಿನ ಎಲ್ಲ ಕಡೆ ಅಡುಗೆಯ ಮೇಲೆ ಒಗ್ಗರಣೆ ಬೀಳುತ್ತದೆ, ನಮ್ಮಲ್ಲಿ ಒಗ್ಗರಣೆಯೇ ಅಡುಗೆ. ಮಂಡಾಳು ತರಲು ಅವಳು ಆಗಾಗ ಸಿಂಧನೂರಿಗೆ ಹೋಗಿಬರುತ್ತಿದ್ದಳು. ಸಿಂಧನೂರಿನಲ್ಲಿ ಟಾಕೀಸು ಇದ್ದವು. ಈ ಎರಡು ಸಂಗತಿಗಳನ್ನು ಕೂಡಿಸಿ ಓಣಿಯ ಜನ ಒಂದು ತೀರ್ಮಾನಕ್ಕೆ ಬಂದಿದ್ದರು: ಅಮರಮ್ಮತ್ತೆ ನೋಡದ ಸಿನಿಮಾ ಇಲ್ಲ.

ಓಣಿಗೆ ಮೊದಲ ಟಿವಿ ತಂದವನು ನಮ್ಮಪ್ಪ. ಲಿಂಗಸುಗೂರಿನಿಂದ ಬಸ್ಸಿನಲ್ಲಿ, ಕೌದಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದ ಹಾಗೆ ತಂದ. ಅವತ್ತಿನಿಂದ ರವಿವಾರ ಸಂಜೆ ನಮ್ಮ ಪಡಸಾಲೆ ನಮ್ಮದಾಗಿ ಉಳಿಯಲಿಲ್ಲ. ಟಿವಿಯ ಒಡೆಯರಾದ ನಾವು ಬಾಗಿಲ ಹಿಂದೆ ನಿಂತು ಕತ್ತು ಉದ್ದ ಮಾಡಿ ನೋಡಬೇಕಾಗುತ್ತಿತ್ತು. ನಾನಂತೂ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ ಆ ಕಾಲದ ಅರ್ಧ ಸಿನಿಮಾಗಳನ್ನು ಕಿವಿಯಿಂದಲೇ ನೋಡಿದವನು.

ಇನ್ನು ಕರೆಂಟು. ಅದಕ್ಕೂ ಸಿನಿಮಾಕ್ಕೂ ಯಾವ ಜನ್ಮದ ವೈರವೋ ಕಾಣೆ. ನಾಯಕಿಯ ಕಷ್ಟವೆಲ್ಲ ತೋರಿಸಿ, ಖಳನ ನಗುವನ್ನೂ ತೋರಿಸಿ, ಇನ್ನೇನು ಎಲ್ಲ ಸರಿಹೋಗಬೇಕು ಎನ್ನುವಾಗ ಫಕ್ಕನೆ ಹೋಗುತ್ತಿತ್ತು. ಕತ್ತಲಲ್ಲಿ ಒಂದು ನಿಟ್ಟುಸಿರು ಏಳುತ್ತಿತ್ತು. ಅವ್ವ ಕಂದೀಲು ಹಚ್ಚುತ್ತಿದ್ದಳು. ಅಮರಮ್ಮತ್ತೆ ತಾನು ತಂದ ಬುಟ್ಟಿಯ ಮೇಲಿನ ಅರಿವೆ ಸರಿಸಿ ಎಲ್ಲರ ಕೈಗೂ ಒಗ್ಗರಣಿ ಹಾಕುತ್ತಿದ್ದಳು. ಆಗ ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಅತ್ತಿ, ಮುಂದೇನಾತು? ಅವಳು ಒಂದು ಮಿರ್ಚಿ ಮುರಿದು ಬಾಯಿಗೆ ಹಾಕಿಕೊಂಡು ಉಳಿದ ಸಿನಿಮಾ ಹೇಳಿ ಮುಗಿಸುತ್ತಿದ್ದಳು. ಹೀಗಾಗಿ ನಮ್ಮ ಓಣಿಯಲ್ಲಿ ಬೆಳೆದವರಿಗೆ ಸಿನಿಮಾದ ಕೊನೆ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ನಾಲಿಗೆಗೆ ಖಾರ ಹತ್ತುವಂಥದ್ದು. ನಮ್ಮ ಹಿಂದಿನ ನಾಟಕಕಾರರು ಎಲ್ಲವೂ ಮಂಗಳದಲ್ಲಿ ಮುಗಿಯಬೇಕೆಂದು ಕಟ್ಟು ಮಾಡಿಕೊಂಡಿದ್ದರಂತೆ. ಅಮರಮ್ಮತ್ತೆಯ ಕಟ್ಟು ಬೇರೆ ಇತ್ತು, ಎಲ್ಲವೂ ಒಗ್ಗರಣಿ ತೀರುವುದರೊಳಗೆ ಮುಗಿಯಬೇಕು.

ಅಂಥ ಒಂದು ಸಿನಿಮಾ ಇತ್ತು. ತಾಯಿಯ ಚಾಡಿ ಕೇಳಿ ಗಂಡ ಹೆಂಡತಿಯನ್ನು ಮಳೆಯಲ್ಲಿ ಹೊರಗೆ ಹಾಕುತ್ತಾನೆ. ವರ್ಷಗಳಾದ ಮೇಲೆ ಬುದ್ಧಿ ಬಂದು ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಅವಳ ಬಾಗಿಲು ತಟ್ಟುತ್ತಾನೆ. ಕರೆಂಟು ಹೋಯಿತು. ಅಮರಮ್ಮತ್ತೆ ಹೇಳಿದ್ದು ಹೀಗೆ: ಅಷ್ಟರಲ್ಲಿ ಅವಳು ಸ್ವಂತ ಖಾನಾವಳಿ ಹಾಕಿರುತ್ತಾಳೆ. ಬಂದವನಿಗೆ ಕಾಲಿಗೆ ನೀರು ಕೊಟ್ಟು, ತಾಟು ಇಟ್ಟು, ಬಿಸಿ ರೊಟ್ಟಿ ಬಡಿಸಿ ಹೇಳುತ್ತಾಳೆ, “ಉಂಡು ಹೋಗ್ರಿ. ನಾ ಬರಂಗಿಲ್ಲ.”

ಆ ಸಿನಿಮಾಕ್ಕೊಂದು ಹೆಸರಿತ್ತು, ನಮಗದು ಬೇಕಾಗಲಿಲ್ಲ. ಓಣಿಯಲ್ಲಿ ಅದು ‘ಉಂಡು ಹೋಗ್ರಿ ಸಿನಿಮಾ’ ಎಂದೇ ಆಯಿತು. ನನ್ನ ಅಕ್ಕ ನೀಲಮ್ಮ ಅವತ್ತು ಕಂದೀಲಿನ ಪಕ್ಕದಲ್ಲಿ ಕೂತು, ಕೈಯಲ್ಲಿನ ಒಗ್ಗರಣಿ ತಿನ್ನುವುದನ್ನೂ ಮರೆತು ಕೇಳಿದ್ದಳು. ಮುಂದೆ ಅವಳನ್ನು ಲಿಂಗಸುಗೂರಿಗೆ ಕೊಟ್ಟೆವು. ಅವರು ಚೆನ್ನಾಗಿ ಬಾಳಿಸಲಿಲ್ಲ. ಒಂದು ದಿನ ಉಟ್ಟ ಸೀರೆಯಲ್ಲಿ ತವರಿಗೆ ಬಂದಳು. ಬಹಳ ಕಾಲದ ಮೇಲೆ ಗಂಡ ಕರೆಯಲು ಬಂದ. ಹಿರಿಯರೆಲ್ಲ ಕೂತು, ಹೋಗವ್ವ, ಹೆಣ್ಣಿನ ಜೀವ, ಹೊಂದಿಕೊಂಡು ಹೋಗಬೇಕು ಎಂದು ಹೇಳಿ ಮುಗಿಸುವುದರೊಳಗೆ ಅಕ್ಕ ಅವನ ಮುಂದೆ ತಾಟು ಇಟ್ಟಳು. ಬಡಿಸಿ, ಅದೇ ಮಾತು ಹೇಳಿದಳು. ಅಪ್ಪ ತಲೆ ಮೇಲೆ ಕೈ ಹೊತ್ತ. ಅವ್ವ ಮಾತ್ರ ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಅಳಿಯನಿಗೆ ಹಾಕಿದಳು.

ಈಗ ಅಕ್ಕ ಸಿಂಧನೂರಿನಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಕಾಲುವೆ ಬಂದ ಮೇಲೆ ಆ ಸೀಮೆ ಪೂರ್ತಿ ಭತ್ತವಾಯಿತು, ಜೋಳದ ರೊಟ್ಟಿ ಬಡವರ ಊಟವೆಂದು ಮೂಗು ಮುರಿದವರೆಲ್ಲ ಮೂರು ಹೊತ್ತೂ ಅನ್ನ ಉಂಡರು. ಈಗ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ ರೊಟ್ಟಿ ಬರೆದುಕೊಡುತ್ತಾರೆ. ಅದೇ ಮಂದಿ ಕಾರಿನಲ್ಲಿ ಬಂದು, ಅಕ್ಕನ ಬಾಗಿಲಲ್ಲಿ ಪಾಳಿ ನಿಂತು, ಹಳೆಯ ಊಟದ ಮಹತ್ವ ಹಿರಿಯರಿಗೆ ಗೊತ್ತಿತ್ತು ಎಂದು ಭಾಷಣ ಮಾಡಿ ರೊಟ್ಟಿ ಒಯ್ಯುತ್ತಾರೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮೊನ್ನೆ ಗಿರಾಕಿ ಇಲ್ಲದ ಮಧ್ಯಾಹ್ನ ಮೊಬೈಲಿನಲ್ಲಿ ಆ ಸಿನಿಮಾ ಸಿಕ್ಕಿತು. ಕೊನೆಯವರೆಗೂ ನೋಡಿದೆ. ಬಾಗಿಲು ತಟ್ಟುತ್ತಾನೆ. ಅವಳು ತೆಗೆಯುತ್ತಾಳೆ. ಖಾನಾವಳಿ ಇಲ್ಲ, ತಾಟು ಇಲ್ಲ, ರೊಟ್ಟಿಯ ಚೂರೂ ಇಲ್ಲ. ಅವಳೇ ಅವನ ಕಾಲಿಗೆ ಬಿದ್ದು, ತನ್ನದೇ ತಪ್ಪೆಂದು ಅತ್ತು, ಅವನ ಹಿಂದೆ ಹೋಗುತ್ತಾಳೆ. ಅತ್ತೆಯೂ ಸೇರಿ ಎಲ್ಲರೂ ಫೋಟೋಕ್ಕೆ ನಿಂತ ಹಾಗೆ ನಿಂತು ನಗುತ್ತಾರೆ. ಮೊಬೈಲನ್ನು ಬೋರಲು ಹಾಕಿಟ್ಟೆ. ಅಕ್ಕ ಇಡೀ ಬದುಕನ್ನು ನಿಲ್ಲಿಸಿದ್ದು ಆ ಮಾತಿನ ಮೇಲೆ, ಆ ಮಾತೇ ಸಿನಿಮಾದಲ್ಲಿ ಇಲ್ಲ.

ಯಾರಿಗೂ ಹೇಳಬಾರದೆಂದುಕೊಂಡೆ. ಆದರೆ ಅದೇ ವಾರ ನಮ್ಮ ಗುಂಪಿಗೆ ಒಂದು ಹುಕಿ ಬಂತು: ‘ಆ ಕಾಲದ ರವಿವಾರ’ ಆಚರಿಸಬೇಕು. ಎಲ್ಲರೂ ಕೂಡಿ ಹಳೆಯ ಸಿನಿಮಾ ನೋಡುತ್ತ ಒಗ್ಗರಣಿ ತಿನ್ನಬೇಕು, ಅಮರಮ್ಮತ್ತೆಗೆ ಶಾಲು ಹೊದಿಸಬೇಕು. ಯಾವ ಸಿನಿಮಾ ಎಂದು ಕೇಳಿದ್ದಕ್ಕೆ ಎಲ್ಲರದೂ ಒಂದೇ ಉತ್ತರ, ‘ಉಂಡು ಹೋಗ್ರಿ’. ನಾನು ಬೇರೆ ಹೆಸರು ಸೂಚಿಸಿದೆ, ಅಂಗಡಿಯವನಿಗೆ ಕಲೆ ತಿಳಿಯದು ಎಂದು ಬಾಯಿ ಮುಚ್ಚಿಸಿದರು. ಅಕ್ಕ ಫೋನು ಮಾಡಿ, ರೊಟ್ಟಿ ಕೇಂದ್ರ ಮುಚ್ಚಿಯಾದರೂ ಬರುತ್ತೇನೆ ಎಂದಳು.

ಆ ಕಾಲವನ್ನು ನಾವು ಏಸಿ ಇದ್ದ ಕಲ್ಯಾಣ ಮಂಟಪದಲ್ಲಿ ಆಚರಿಸಿದೆವು. ಬಾಗಿಲಲ್ಲಿ ಸೆಲ್ಫಿಗೆಂದು ಬಂಡಿಯ ಗಾಲಿ. ಕೇಟರಿಂಗಿನವರ ಒಗ್ಗರಣಿಯಲ್ಲಿ ಗೋಡಂಬಿ, ದ್ರಾಕ್ಷಿ. ಟೇಬಲ್ಲಿನ ಮೇಲೆ ಬ್ಯಾಟರಿಯಿಂದ ಉರಿಯುವ ಕಂದೀಲು. ಮುದುಕಿಯಾದ ಅಮರಮ್ಮತ್ತೆ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತು, ಒಗ್ಗರಣಿಯಿಂದ ಗೋಡಂಬಿಯನ್ನು ಹುಳ ಆರಿಸಿದ ಹಾಗೆ ಆರಿಸಿ ಬದಿಗಿಡುತ್ತಿದ್ದಳು. ಪಕ್ಕದಲ್ಲಿ ಅಕ್ಕ.

ನಾನೊಂದು ಉಪಾಯ ಮಾಡಿದ್ದೆ. ಗಂಡ ಬಾಗಿಲು ತಟ್ಟುವಾಗ ಮೇನ್ ಸ್ವಿಚ್ಚು ಇಳಿಸುವುದು. ಅದಕ್ಕಿಂತ ಅಸಲಿ ಹಳೆಯ ಕಾಲ ಇನ್ನೇನಿದ್ದೀತು? ಹೊತ್ತು ನೋಡಿ ಎದ್ದು ಹೋಗಿ ಇಳಿಸಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಕತ್ತಲಾಯಿತು, ಜನ ಸಿಳ್ಳೆ ಹೊಡೆದರು. ಅಷ್ಟರಲ್ಲಿ ಮಂಟಪದ ಇನ್ವರ್ಟರ್ ಎಚ್ಚರಾಗಿ ಪರದೆ ಬೆಳಗಿಬಿಟ್ಟಿತು. ನಾನು ವಾಪಸು ಬರುವಾಗ ನಾಯಕಿ ಕಾಲಿಗೆ ಬಿದ್ದಿದ್ದಳು.

ಎಲ್ಲರೂ ನೋಡಿದ್ದು ಅಕ್ಕನ ಕಡೆಗೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಅಮರಮ್ಮತ್ತೆಯ ಕಡೆ ತಿರುಗಿದಳು.

“ಅತ್ತಿ, ನೀವು ಹೇಳಿದ್ದು ಹಿಂಗಿರಲಿಲ್ಲಲ್ಲ.”

“ನಾ ಎಲ್ಲಿ ನೋಡಿದ್ದೆನವ್ವ?” ಎಂದಳು ಅಮರಮ್ಮತ್ತೆ. “ಮಂಡಾಳ ಚೀಲ ಬಿಟ್ಟು ಟಾಕೀಸಿಗೆ ಹೋಗಾಕ ಆಕ್ಕಿತ್ತೇನು? ನೀವು ಕೇಳಿದ್ರಿ, ನಾ ಹೇಳಿದೆ. ಹೊರಗ ಹಾಕಿದಾವನ ಕಾಲಿಗೆ ಬಿದ್ಲು ಅಂತ ಹೇಳಾಕ ನನಗ ಬಾಯಿ ಬರಲಿಲ್ಲ.”

ಅಕ್ಕ ಅವಳ ತಟ್ಟೆಯಿಂದ ಬದಿಗಿಟ್ಟ ಒಂದು ಗೋಡಂಬಿ ಎತ್ತಿ ಬಾಯಿಗೆ ಹಾಕಿಕೊಂಡಳು.

“ಛಲೋ ಆತು ಬಿಡ್ರಿ,” ಎಂದಳು, “ಅವತ್ತು ಕರೆಂಟ್ ಹೋಗಿದ್ದು.”

ಆದರೂ ನನಗೆ ಸಮಾಧಾನವಿಲ್ಲ. ಮಂದಿಯೆದುರು ಹಾಗೆ ಅಂದಿದ್ದಾಳೆ, ಒಳಗೊಳಗೆ ಎಷ್ಟು ನೊಂದಿದ್ದಾಳೋ ಎಂದು ಮರುದಿನ ಸಿಂಧನೂರಿನ ಬಸ್ಸು ಹತ್ತಿದೆ. ಮಾಯೆ, ಸತ್ಯ, ಬದುಕು ಎಂದೆಲ್ಲ ದೊಡ್ಡ ದೊಡ್ಡ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಅಕ್ಕನ ಒಲೆಯ ಮುಂದೆ ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು, ಬಾಗಿಲಲ್ಲಿ ಪಾಳಿ ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಅಕ್ಕಾ, ನಿನ್ನೆಯ ವಿಚಾರ ಎಂದು ಶುರು ಮಾಡುವಷ್ಟರಲ್ಲಿ ಅವಳು ನನ್ನ ಮುಂದೆ ತಾಟು ಇಟ್ಟು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಹೇಳಿದಳು.

“ಉಂಡು ಹೋಗು. ನನಗ ಭಾಳ ಕೆಲಸೈತಿ.”

ಉಂಡು ಬಂದೆ.