ಬ್ರಾಂದಿ ಅಂಗಡಿಯ ಜಾಲರಿ

ಬೆಳಿಗ್ಗೆ ಷಟರ್ ಎತ್ತಿದ ಮೇಲೆ, ಕಂಪ್ಯೂಟರ್ ಹಚ್ಚುವುದಕ್ಕೂ ಮೊದಲು, ಗಂಗೋತ್ರಿ ಜಾಲರಿ ಬಾಗಿಲಿನ ಒಳಚಿಲಕವನ್ನು ಜಗ್ಗಿ ನೋಡುತ್ತಾರೆ. ಚಿಲಕ ಗಟ್ಟಿಯಿದ್ದರೆ ಮುಂದಿನ ಕೆಲಸ. ಊದುಬತ್ತಿ ಆಮೇಲೆ.

ಸಿರುಗುಪ್ಪ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಅವರದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ-ಆದಾಯದ ಪ್ರಮಾಣಪತ್ರ, ಬಸ್ ಪಾಸಿನ ಅರ್ಜಿ ವರ್ಷವಿಡೀ ಇದ್ದದ್ದೇ. ಆದರೆ ಪಿಯುಸಿ ಫಲಿತಾಂಶ ಬಂದ ದಿನದಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವ ತನಕ ಆ ಅಂಗಡಿಯ ಗಾಳಿಯೇ ಬೇರೆ. ಮಕ್ಕಳು ಅಪ್ಪ, ಅಣ್ಣ, ಸೋದರಮಾವಂದಿರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಯಾವ ಕೋರ್ಸು, ಯಾವ ಊರು, ಯಾವ ಕಾಲೇಜು ಮೊದಲು, ಯಾವುದು ನಂತರ ಎಂದು ಸಾಲಾಗಿ ತುಂಬಬೇಕು. ಬೇರೆ ಸೆಂಟರುಗಳಲ್ಲಿ ಹಿರಿಯರು ಹೇಳುತ್ತಾರೆ, ಆಪರೇಟರ್ ಟೈಪ್ ಮಾಡುತ್ತಾನೆ, ಓದಬೇಕಾದವರು ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿರುತ್ತಾರೆ. ಗಂಗೋತ್ರಿಯವರಲ್ಲಿ ಇದು ತಿರುವುಮುರುವು. ಓದುವವರು ಒಳಗೆ ಕುರ್ಚಿಯ ಮೇಲೆ, ಉಳಿದವರೆಲ್ಲ ಹೊರಗೆ. ಕೊನೆಗೆ ಒಪ್ಪಿಗೆಯ ಗುಂಡಿ ಒತ್ತುವ ಬೆರಳು ಓದುವವರದೇ ಆಗಿರಬೇಕು.

“ಒತ್ತೋ ಕೈ ನಿಂದಿರಬೇಕು. ನಾಳೆ ಯಾರ್ನೂ ಬೈಯಂಗಿಲ್ಲ, ನನ್ನೂ ಸೇರಿ,” ಎನ್ನುವುದು ಅವರ ಮಾತು.

ಈ ಒಂದು ಪದ್ಧತಿಗಾಗಿ ಅವರು ಏಟು ತಿಂದಿದ್ದಾರೆ. ಮಗಳು ಎಂಜಿನಿಯರಿಂಗ್ ಬಿಟ್ಟು ನರ್ಸಿಂಗ್ ಒತ್ತಿದಳೆಂದು ಒಬ್ಬ ತಂದೆ ಕುದಿಯುವ ಚಹಾವನ್ನು ಅವರ ಮುಖಕ್ಕೆ ಎರಚಿದ್ದ. ಇನ್ನೊಬ್ಬ ಹುಡುಗನ ಚಿಕ್ಕಪ್ಪ ಕುರ್ಚಿ ಎತ್ತಿ ಮಾನಿಟರಿಗೆ ಹೊಡೆದಾಗ ಚೂರು ಬಂದು ಹುಬ್ಬಿಗೆ ನಾಟಿತು. ಹೊಲಿಗೆಯ ಗುರುತಿನಲ್ಲಿ ಇವತ್ತಿಗೂ ಕೂದಲು ಹುಟ್ಟಿಲ್ಲ. ಅದಾದ ಮೇಲೆ ಗಂಡ ಹುಲಿಗೇಶ್ ಕುರುಗೋಡಿನಲ್ಲಿ ಮುಚ್ಚಿಹೋಗಿದ್ದ ಬ್ರಾಂದಿ ಅಂಗಡಿಯೊಂದರ ಕಬ್ಬಿಣದ ಜಾಲರಿಯನ್ನು ತಂದು, ಬಾಗಿಲ ಸಮೇತ ಬೆಸುಗೆ ಹಾಕಿಸಿದರು. ಅವರು ಅಕ್ಕಿ ಗಿರಣಿಯ ಲಾರಿ ಓಡಿಸುವವರು; ಜಾಲರಿ ಬಂದದ್ದೂ ಅದೇ ಲಾರಿಯಲ್ಲಿ. ನಡುವೆ ಒಂದು ಕಿಂಡಿ, ಬಾಟಲಿ ದಾಟುವಷ್ಟು ಅಗಲ.

ಗಂಗೋತ್ರಿ ಹುಟ್ಟಿದ್ದು ಕುರುಗೋಡಿನಲ್ಲೇ. ಅಪ್ಪನನ್ನು ಕರೆತರಲು ಅದೇ ಜಾಲರಿಯ ಮುಂದೆ ನಿಂತು, ಅಪ್ಪನ ಕೈಯಲ್ಲೇ ಹೊಡೆಸಿಕೊಂಡು ಮನೆಗೆ ಹೋದ ಸಂಜೆಗಳು ಅವರಿಗೆ ನೆನಪಿವೆ. ಪಿಯುಸಿ ಆದ ಮೇಲೆ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸಲು ಸೇರಿದರು. ಟೈಪಿಂಗ್ ಕಲಿತದ್ದು ಅಲ್ಲಿಯ ಬಿಲ್ಲಿನ ಕಂಪ್ಯೂಟರಿನ ಮೇಲೆ, ಊಟದ ಬಿಡುವಿನಲ್ಲಿ. ಈಗ ಅದೇ ಜಾಲರಿಯ ಒಳಬದಿಯಲ್ಲಿ ಕೂತಿದ್ದಾರೆ.

“ಗಂಗಾ, ಒಂದು ಕ್ವಾಟರ್ ಕೊಡವಾ,” ಎಂದು ಮೊದಲ ದಿನವೇ ಕಿಂಡಿಗೆ ಕೈ ಚಾಚಿದ್ದವರು ಪಕ್ಕದಲ್ಲಿ ಮಿರ್ಚಿ ಬಂಡಿ ಇಟ್ಟಿರುವ ಪಾರಮ್ಮ.

“ನಿನ್ನ ಮಿರ್ಚಿ ತಿಂದೋರಿಗೆ ಅದೂ ಬೇಕಾಗತೈತಿ ಬಿಡು, ಅತ್ತಿ.”

ಈ ವರ್ಷ ಬಂದವರಲ್ಲಿ ಸಿರಿಗೇರಿಯ ಕಾವೇರಿ ಒಬ್ಬಳು. ಅಪ್ಪ ಇಲ್ಲ, ಅಣ್ಣ ಉಜ್ಜಿನಪ್ಪನೇ ಯಜಮಾನ. ಅರ್ಜಿ ಹಾಕಿಸಲು ಅವನೇ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ರೈತರ ಮಕ್ಕಳ ಕೋಟಾಕ್ಕೆ ಬೀಜ, ಕಳೆ ಗುರುತಿಸುವ ಪರೀಕ್ಷೆಯೂ ಇದೆ ಎಂದು ಗಂಗೋತ್ರಿ ಹೇಳಿದಾಗ ಅವನಿಗೆ ನಗು.

“ದಿನಾ ಕಳಿ ಕೀಳಾಕಿ ಅಕ್ಕಾ ಇಕಿ. ಕಳಿ ಹೆಸರು ಹೇಳಾಕ ಪರೀಕ್ಷಿ ಅಂದ್ರ, ಊಟ ಮಾಡಾಕ ಪರೀಕ್ಷಿ ಇಟ್ಟಂಗಾತು.”

ಮನೆಯಲ್ಲಿ ಸದಾ ರೀಚಾರ್ಜ್ ಇರುವ ಫೋನು ಅವನದೇ ಆದ್ದರಿಂದ ಅರ್ಜಿಗೆ ಅವನ ನಂಬರನ್ನೇ ಕೊಟ್ಟರು. ಸೀಟು ಬಂತು. ರಾಯಚೂರು, ಬಿ.ಎಸ್ಸಿ. ಕೃಷಿ, ಹಾಸ್ಟೆಲ್.

ಅಷ್ಟರಲ್ಲಿ ಮನೆಯ ಲೆಕ್ಕ ಬದಲಾಗಿತ್ತು. ಮೂವತ್ತು ದಾಟಿದರೂ ಹೆಣ್ಣು ಸಿಗದ ಉಜ್ಜಿನಪ್ಪನಿಗೆ ಒಂದು ಕಡೆ ಮಾತು ಕೂಡಿತ್ತು. ಆದರೆ ಅದು ಹೆಣ್ಣು ಕೊಟ್ಟು ಹೆಣ್ಣು ತರುವ ಮಾತು. ಆ ಮನೆಯ ಮಗಳು ಇವನಿಗೆ, ಕಾವೇರಿ ಆ ಮನೆಯ ಮಗನಿಗೆ. ತಂಗಿ ರಾಯಚೂರಿಗೆ ಹೋದರೆ ಅವನ ಮದುವೆಯೂ ಮುರಿದಂತೆ. ಉಜ್ಜಿನಪ್ಪ ತಂಗಿಯ ಅಂಕಪಟ್ಟಿ, ಟಿ.ಸಿ. ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದ. ತಡೆಯಲು ಹೋದವಳ ಕೈಯನ್ನೂ ಅದೇ ಬೆಂಕಿಗೆ ಒತ್ತಿ ಹಿಡಿದ. ಸೀಟಿನ ಕಥೆ ಅಲ್ಲಿಗೆ ಮುಗಿಯಿತೆಂದು ತಿಳಿದ.

ಊರಿನ ಗಿರಣಿಯಲ್ಲಿ ಯಾರೋ ಅವನಿಗೆ ಅಂದರು: ಕಾಗದ ಸುಟ್ಟರೆ ಸೀಟು ಸುಡುವುದಿಲ್ಲ, ಅದು ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಒಂದನೆಯ ಆಯ್ಕೆ ಒತ್ತಿದರೆ ಸೇರುತ್ತೇನೆ ಎಂದು, ನಾಲ್ಕನೆಯದು ಒತ್ತಿದರೆ ಪೂರ್ತಿ ಬಿಟ್ಟೆ ಎಂದು. ಹೆಣ್ಣಿನ ಕಡೆಯವರೂ ಪಟ್ಟು ಹಿಡಿದರು, ಬಿಟ್ಟದ್ದಕ್ಕೆ ಪುರಾವೆ ತೋರಿಸಿದರೇನೇ ದಿನ ಗೊತ್ತು ಮಾಡುವುದು ಎಂದರು. ಏನೂ ಒತ್ತದಿದ್ದರೆ ಗಡುವಿನ ಸಂಜೆ ಸೀಟು ತಾನಾಗಿ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಲಿಲ್ಲ. ಮನೆಗೆ ಬೀಗ ಜಡಿದು ಸುಮ್ಮನೆ ಕೂತಿದ್ದರೆ ಅವನು ಗೆಲ್ಲುತ್ತಿದ್ದ.

ಗಡುವಿನ ದಿನ ಮಧ್ಯಾಹ್ನ ಬೈಕು ಬಂದು ನಿಂತಿತು. ಕಾವೇರಿಯನ್ನು ನಾಟಿಯ ಗದ್ದೆಯಿಂದಲೇ ಎಳೆತಂದಿದ್ದ. ಮೊಣಕಾಲತನಕ ಕೆಸರು ಒಣಗಿತ್ತು, ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಉಜ್ಜಿನಪ್ಪ ಸೊಂಟದಿಂದ ಕುಡುಗೋಲು ತೆಗೆದು, ಬೀಗದ ಕೈ ಇಡುವಷ್ಟು ಸಲೀಸಾಗಿ ಕಿಂಡಿಯ ಹಲಗೆಯ ಮೇಲಿಟ್ಟ.

“ಅಕ್ಕಾ, ನಾಕನೇದು ಒತ್ತು. ಪ್ರಿಂಟ್ ಕೊಡು. ಬಾಯಿ ಮಾಡಬ್ಯಾಡ.”

ಗಂಗೋತ್ರಿ ಕುಡುಗೋಲು ನೋಡಿದರು. ಸರ್ವರ್ ಇಲ್ಲ, ನಾಳೆ ಬಾ ಎಂದರೆ ಸಾಕಾಗಿತ್ತು. ಅವನು ಹೋಗುತ್ತಿದ್ದ, ತಮ್ಮ ಮೈಗೆ ಏನೂ ಆಗುತ್ತಿರಲಿಲ್ಲ. ಸಂಜೆಗೆ ಸೀಟೂ ಹೋಗುತ್ತಿತ್ತು. ಆ ಸುಳ್ಳು ಅವರ ಬಾಯಿಯ ತನಕ ಬಂತು. ಕಾವೇರಿ ಒಂದು ಕಣ್ಣಿನಿಂದ ಅವರನ್ನೇ ನೋಡುತ್ತಿದ್ದಳು.

“ನಾನು ಒತ್ತಂಗಿಲ್ಲಪಾ,” ಎಂದರು ಗಂಗೋತ್ರಿ. “ನನ್ನ ಅಂಗಡಿ ರಿವಾಜು ನಿಂಗ ಗೊತ್ತೈತಿ. ಒತ್ತೋ ಕೈ ಆಕಿದಿರಬೇಕು. ಒಳಗ ಕಳಿಸು.”

“ನಾಟಕ ಮಾಡ್ತಿ?”

“ನಿನ್ನ ಬೀಗರಿಗೆ ಪುರಾವೆ ಬೇಕೋ ಬ್ಯಾಡೋ?”

ಅವನು ಯೋಚಿಸಿದ. ತಂಗಿಯ ಜಡೆ ಹಿಡಿದು ಬಾಗಿಲ ತನಕ ತಂದು, ಕಿವಿಗೆ ಬಾಯಿ ಹಚ್ಚಿ ಹೇಳಿದ: “ಬ್ಯಾರೆ ಏನಾರ ಒತ್ತಿದಿ, ಕಾಲುವ್ಯಾಗ ಹಾಕ್ತೀನಿ ಲೇ.” ಆಮೇಲೆ ನೂಕಿದ. ಗಂಗೋತ್ರಿ ಒಳಚಿಲಕ ಜಡಿದರು.

ಪರದೆಯ ಮೇಲೆ ನಾಲ್ಕು ಸಾಲು ಬಂದವು. ಗಂಗೋತ್ರಿ ಮೌಸನ್ನು ಹುಡುಗಿಯ ಮುಂದೆ ಸರಿಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಸುಟ್ಟ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ ಕಾವೇರಿ ಎಡಗೈಯಿಂದ ಮೌಸ್ ಹಿಡಿದು ಮೊದಲ ಸಾಲಿನ ಮೇಲೆ ನಿಲ್ಲಿಸಿದಳು. ಒತ್ತಿದಳು. ಪರದೆ ಓಟಿಪಿ ಕೇಳಿತು.

ಹೊರಗೆ ಉಜ್ಜಿನಪ್ಪನ ಫೋನು ಗುಂಯ್‌ಗುಟ್ಟಿತು.

“ನಂಬರ್ ಬಂತೇನಪಾ? ಹೇಳು.”

“ಎಲ್ಲಾ ಇಂಗ್ಲೀಷ್‌ನ್ಯಾಗ ಐತಿ. ನೀನ ನೋಡ್ಕ,” ಎಂದು ಅವನು ಫೋನನ್ನೇ ಕಿಂಡಿಯಿಂದ ಒಳಗೆ ತೂರಿದ.

ಗಂಗೋತ್ರಿ ಅಂಕಿಗಳನ್ನು ಓದಿದರು. ಕಾವೇರಿ ಒಂದೊಂದಾಗಿ ತುಂಬಿ, ಕೊನೆಯ ಗುಂಡಿ ಒತ್ತಿದಳು. ಗಂಗೋತ್ರಿ ಫೋನು ವಾಪಸು ಕೊಡಲು ಕಿಂಡಿಯಾಚೆ ಬಲಗೈ ಚಾಚಿದರು. ಅದು ಇನ್ನೂ ಅವರ ಅಂಗೈಯಲ್ಲಿ ಇದ್ದಾಗಲೇ ಎರಡನೆಯ ಸಂದೇಶ ಬಂದು ಪರದೆ ಬೆಳಗಿತು. ಇಂಗ್ಲಿಷು ಬಾರದಿದ್ದರೂ ಅಂಕಿ ಯಾರಿಗಾದರೂ ಬರುತ್ತದೆ. ಅಲ್ಲಿ ನಾಲ್ಕು ಇರಲಿಲ್ಲ. ಒಂದು ಇತ್ತು.

ಉಜ್ಜಿನಪ್ಪ ಫೋನು ಬಿಟ್ಟು ಮಣಿಕಟ್ಟು ಹಿಡಿದ. ಕಿಂಡಿಯ ಅಂಚಿಗೆ ಅದನ್ನು ಒತ್ತಿ, ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಿದ. ಒಣಗಿದ ಹತ್ತಿಕಡ್ಡಿ ಮುರಿದ ಸದ್ದು. ಗಂಗೋತ್ರಿಯವರ ಹಣೆ ಜಾಲರಿಗೆ ಬಡಿಯಿತು. ಅವನು ಇನ್ನೊಂದು ಕೈಯಿಂದ ಕುಡುಗೋಲು ಎತ್ತಿ ಮುಂಗೈಯ ಮೇಲೆ ಎಳೆದ. ಹಲಗೆಯ ಮೇಲಿನಿಂದ ರಕ್ತ ಹರಿದು ಹೊರಗಿನ ಮೆಟ್ಟಿಲಿಗೆ ತೊಟ್ಟಿಕ್ಕಿತು. “ಹೆಂಗಸಾಗಿ ಮನಿ ಮುರೀತಿ ಏನಲೇ!” ಎಂದು ಅವನು ಮತ್ತೆ ಎತ್ತಿದಾಗ ಕಾವೇರಿ ಕಿಂಡಿಗೆ ಬಾಗಿ ಅವನ ಹೆಬ್ಬೆರಳಿಗೆ ಹಲ್ಲು ಹಾಕಿದಳು. ಎಲುಬು ಸಿಗುವ ತನಕ ಬಿಡಲಿಲ್ಲ. ಹಿಡಿತ ತಪ್ಪಿತು. ಗಂಗೋತ್ರಿ ಕೈ ಒಳಕ್ಕೆ ಎಳೆದುಕೊಂಡು ನೆಲಕ್ಕೆ ಕುಸಿದರು.

ಅವನು ಜಾಲರಿ ಬಾಗಿಲಿಗೆ ಒದೆಯತೊಡಗಿದ. ಗೋಡೆಯ ಸುಣ್ಣ ಉದುರಿತು. ಚಿಲಕ ಬಾಗಿತು. ಬೀಳಲಿಲ್ಲ.

ಮೂರನೆಯ ಒದೆತಕ್ಕೆ ಪಾರಮ್ಮ ಬಾಣಲೆಯಿಂದ ಒಂದು ಸೌಟು ಕಾದ ಎಣ್ಣೆ ಮೊಗೆದು ಅವನ ಬೆನ್ನಿಗೆ ಸುರಿದರು. ಅಂಗಿ ಚರ್ಮಕ್ಕೆ ಅಂಟಿತು. ಅರಚುತ್ತ ತಿರುಗಿದವನು ಕುಡುಗೋಲಿನ ಹಿಡಿಯಿಂದ ಪಾರಮ್ಮನ ಬಾಯಿಗೆ ಗುದ್ದಿದ. ಅವರ ಮುಂದಿನ ಹಲ್ಲು ಹಿಟ್ಟಿನ ಬೋಗುಣಿಗೆ ಬಿತ್ತು. ಅಷ್ಟರಲ್ಲಿ ಬಸ್ ನಿಲ್ದಾಣದ ಹಮಾಲರು ಓಡಿ ಬಂದಿದ್ದರು. ಅವನನ್ನು ಕೆಡವಿ, ಕುಡುಗೋಲು ಕಸಿದುಕೊಂಡ ಮೇಲೂ ಅವರು ನಿಲ್ಲಿಸಲಿಲ್ಲ. ಎಣ್ಣೆ ಬಿದ್ದ ಬೆನ್ನಿನ ಮೇಲೆಯೇ ತುಳಿದರು. ಮುಖ, ಪಕ್ಕೆ, ಎಲ್ಲಿ ಸಿಕ್ಕಿತೋ ಅಲ್ಲಿ. ಅವನ ಕೂಗು ನರಳಾಟವಾಗಿ, ಆಮೇಲೆ ಅದೂ ನಿಂತಿತು.

“ಸಾಕು ಬಿಡ್ರಲೇ, ಸತ್ತು ಹೋಗ್ತಾನ!” ಎಂದು ಜಾಲರಿಯ ಒಳಗಿನಿಂದ ಚೀರಿದ್ದು ಗಂಗೋತ್ರಿ. ಕಾವೇರಿ ಬಾಯಿಂದ ಅಣ್ಣನ ರಕ್ತ ಒರೆಸಿಕೊಂಡು ಪ್ರಿಂಟರಿನಿಂದ ಕಾಗದ ತೆಗೆದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಗಂಗೋತ್ರಿಯವರ ಮಣಿಕಟ್ಟಿಗೆ ರಾಡು ಹಾಕಿದ್ದಾರೆ. ಉಜ್ಜಿನಪ್ಪ ಅದೇ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ, ಪೊಲೀಸ್ ಕಾವಲಿನಲ್ಲಿ, ಬೋರಲಾಗಿ ಮಲಗಿದ್ದಾನೆ. ಹೆಣ್ಣಿನ ಕಡೆಯವರು ನೋಡಲು ಬಂದಿಲ್ಲ. ಪಾರಮ್ಮ ಊದಿದ ಬಾಯಲ್ಲೇ ಬಂಡಿ ಹಚ್ಚಿದ್ದಾರೆ. “ಹಲ್ಲು ಹೋದ್ರ ಹೋಗ್ಲಿ. ಒಂದು ಸೌಟು ಎಣ್ಣಿ ದಂಡ ಆತಲ್ಲ ಯವ್ವಾ,” ಎಂದು ಗಿರಾಕಿಗಳ ಮುಂದೆ ಗೊಣಗುತ್ತಾರೆ.

ಕಾಲೇಜಿಗೆ ಸೇರಲು ಟಿ.ಸಿ. ಬೇಕು. ಅಂಕಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಯಬಹುದು, ಟಿ.ಸಿ.ಯ ನಕಲಿಗೆ ಮಾತ್ರ ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ ತೋರಿಸಬೇಕು. ಇಂಥ ದೂರುಗಳನ್ನು ಗಂಗೋತ್ರಿ ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದಾರೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿಯೇ ಅವರು ಪಕ್ಕದಲ್ಲಿ ಕೂತಿದ್ದ ಕಾವೇರಿಗೆ ಹೇಳಿದರು: “ಬಸ್ಸಿನ್ಯಾಗ ಕಳೀತು ಅಂತ ಬರಿ. ಎಲ್ಲಾರೂ ಹಂಗ ಬರೀತಾರ.”

“ಕಳದಿಲ್ಲಲ್ಲಕ್ಕ. ಸುಟ್ಟಾನ.”

“ಹಂಗ ಬರದ್ರ ಅವನ ಮ್ಯಾಲ ಇನ್ನೊಂದು ಕೇಸಾಗತೈತಿ. ಮನಿಗೆ ಹೋಗಾಕ ದಾರಿ ಇರಂಗಿಲ್ಲ ನೋಡು.”

ಕಾವೇರಿ ಪೆನ್ನನ್ನು ಎಡಗೈಯಲ್ಲಿ ಸರಿಮಾಡಿಕೊಂಡಳು. “ಈಗ ಐತೇನು?”

ಬರೆಯಲು ಬಹಳ ಹೊತ್ತು ಹಿಡಿಯಿತು. ಎಡಗೈಯ ಅಕ್ಷರ ಸೊಟ್ಟವಾಗಿದ್ದರೂ ಅಣ್ಣನ ಹೆಸರು, ತಂದೆಯ ಹೆಸರು, ಒಲೆ, ದಿನ ಎಲ್ಲವೂ ಸ್ಪಷ್ಟವಾಗಿವೆ. ಠಾಣೆಯವರು ಸಹಿ ಹಾಕಿಸಿಕೊಂಡು ಪ್ರತಿ ಕೊಟ್ಟಿದ್ದಾರೆ. ಅದನ್ನು ತೋರಿಸಿದ ಮೇಲೆ ಟಿ.ಸಿ.ಯ ನಕಲೂ ಸಿಕ್ಕಿದೆ.

ರಾಯಚೂರಿನ ಕಾಲೇಜಿನಲ್ಲಿ ಹಾಜರಾಗಲು ಶುಕ್ರವಾರ ಸಂಜೆ ಕೊನೆ. ಗುರುವಾರ ಹುಲಿಗೇಶ್ ಆ ಕಡೆಗೆ ಅಕ್ಕಿ ಒಯ್ಯುತ್ತಾರೆ. ಲಾರಿಯಲ್ಲಿ ಕಾವೇರಿಯ ಜೊತೆ ಪಾರಮ್ಮನೂ ಹೋಗುತ್ತಾರೆ. ಸೆಂಟರ್ ಸೋಮವಾರ ತೆರೆಯುತ್ತದೆ, ಚಿಲಕ ಬದಲಾಯಿಸಿದ ಮೇಲೆ.