ಇಳಿದು ನಿಲ್ಲುವ ಮಾತು

ಸೈಕಲ್ಲು ತರಲು ಹೆಂಡತಿ ಒಪ್ಪಿದ್ದು ಒಂದೇ ಕರಾರಿನ ಮೇಲೆ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ನಾನು ಇಳಿದು, ರಸ್ತೆ ಬಿಟ್ಟು ನಿಲ್ಲಬೇಕು. ಅದು ದಾಟಿಹೋದ ಮೇಲೆಯೇ ಮತ್ತೆ ಹತ್ತಬೇಕು. ಅವಳ ತವರು ಹುಕ್ಕೇರಿ ಕಡೆಯ ಕಣಗಲಾ. ಅಲ್ಲಿ ಅವಳ ಅಣ್ಣ ಹದಿನೇಳನೆಯ ವಯಸ್ಸಿನಲ್ಲಿ, ಸೈಕಲ್ ಮೇಲೆ ಕೂತು ಕಬ್ಬಿನ ಟ್ರೇಲರ್ ಹಿಡಿದು ಹೋಗುತ್ತಿದ್ದವನು, ಅದರ ಗಾಲಿಗೇ ಸಿಕ್ಕಿ ಸತ್ತ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಆ ಸುದ್ದಿ ಎತ್ತಿದ್ದು ಎರಡೋ ಮೂರೋ ಸಲ. ಸೈಕಲ್ಲಿನ ಮಾತು ಬಂದ ದಿನ ಎತ್ತಿದಳು.

“ದೇವರ ಮುಂದ ನಿಂತ ಹೇಳ್ರಿ,” ಎಂದಳು. ನಿಂತು ಹೇಳಿದೆ.

ನನಗೂ ಬೇರೆ ದಾರಿ ಇರಲಿಲ್ಲ. ಮೂಡಲಗಿಯಲ್ಲಿ ನನ್ನದು ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿ. ಕೂತಲ್ಲೇ ಕೂತು ಸಕ್ಕರೆ ಕಾಯಿಲೆ ತರಿಸಿಕೊಂಡಿದ್ದೆ. “ಬೆವರ ಹರಿಸ್ರಿ, ಇಲ್ಲಂದ್ರ ಸೂಜಿಗೆ ತಯಾರಾಗ್ರಿ,” ಎಂದಿದ್ದರು ಘಟಪ್ರಭಾದ ಡಾಕ್ಟರು. ಹೀಗಾಗಿ ಗೋಕಾಕಿಗೆ ಹೋಗಿ, ಗೇರಿನ ಸೈಕಲ್ಲುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ತಂದೆ. ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಗಂಟೆಯೂ ಇಲ್ಲ. “ಸುರುವಾತಿಗೆ ಇದ ಸಾಕ್ರಿ ಕಾಕಾ,” ಎಂದ ಅಂಗಡಿಯವನ ಮೇಲೆ ಸಿಟ್ಟೂ ಬಂತು. ಸಿಟ್ಟು ನನಗೆ ಸದಾ ಮೂಗಿನ ತುದಿಯಲ್ಲೇ ಇರುತ್ತದೆ.

ಕಲ್ಲೋಳಿಯ ಮನೆಯಿಂದ ಮೂಡಲಗಿಯ ಅಂಗಡಿಗೆ ದಿನಾ ಬೆಳಿಗ್ಗೆ ಹೊರಡತೊಡಗಿದೆ. ಮೂವತ್ತು ವರ್ಷ ಪೆಡಲ್ ಮುಟ್ಟದ ಕಾಲು ಎರಡು ದಿನ ನಡುಗಿತು, ಆಮೇಲೆ ಹಳೆಯದನ್ನೆಲ್ಲ ನೆನಪಿಸಿಕೊಂಡಿತು. ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ಒಂದು ಹರದಾರಿಯೊಳಗೆ ನಾಲ್ಕೈದು ಟ್ರ್ಯಾಕ್ಟರು. ಪ್ರತಿ ಸಲವೂ ಇಳಿದು ನಿಂತೆ. ಮೋಟಾರ್‌ಸೈಕಲ್ ಮೇಲೆ ಹೋಗುವ ಪರಿಚಯದವರು ವೇಗ ತಗ್ಗಿಸಿ, “ಪಂಚರ್ ಆತೇನ್ರಿ?” ಎನ್ನುತ್ತಿದ್ದರು. ಏನೆಂದು ಹೇಳಲಿ? ಒಳಗೊಳಗೇ ಕುದಿಯುತ್ತಿದ್ದೆ.

ಹತ್ತು ದಿನ ಮಾತು ಉಳಿಸಿಕೊಂಡೆ. ಹನ್ನೊಂದನೆಯ ದಿನ ಎದುರುಗಾಳಿ. ಎಷ್ಟು ತುಳಿದರೂ ಸೈಕಲ್ಲು ಮುಂದೆ ಹೋಗುತ್ತಿಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಇಳಿದೆನೇನೋ ನಿಜ. ಆದರೆ ಅದು ಏರಿನಲ್ಲಿ ತೆವಳುತ್ತ ಹೋಗುವಾಗ ತಡೆಯಲಾಗದೆ ಹತ್ತಿ ಬೆನ್ನಿಗೆ ಬಿದ್ದೆ. ಅದು ಎಳೆಯುತ್ತಿದ್ದ ಎರಡು ಟ್ರೇಲರ್‌ಗಳಲ್ಲಿ ಹಿಂದಿನದರ ಎಡ ಮಗ್ಗುಲಿಗೆ, ಹೊರೆಯ ಮರೆಯಲ್ಲಿ ಗಾಳಿಯೇ ಇರಲಿಲ್ಲ. ಹೊರಗೆ ಚಾಚಿಕೊಂಡ ಕಬ್ಬುಗಳು ಕಣ್ಣ ಮುಂದೆ ತೂಗುತ್ತಿದ್ದವು. ಹುಡುಗರಿದ್ದಾಗ ಶಾಲೆಗೆ ಹೋಗುವಾಗ ನಾವೆಲ್ಲ ಹೀಗೇ ಹಿಡಿದು ಹೋಗುತ್ತಿದ್ದೆವು. ಬಲಗೈ ತಾನಾಗಿ ಹೋಗಿ ಒಂದು ಕಬ್ಬು ಹಿಡಿಯಿತು.

ಹಾಯೆನಿಸಿತು. ಸುಳ್ಳೇಕೆ ಹೇಳಲಿ, ನಗುವೂ ಬಂತು.

ಏರು ಮುಗಿದದ್ದೇ ಚಾಲಕ ಗೇರು ಬದಲಿಸಿದ. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಓಡತೊಡಗಿತು. ಬಿಡಬೇಕೆನ್ನುವಷ್ಟರಲ್ಲಿ ಹಿಂದೆ ಇನ್ನೊಂದು ಟ್ರ್ಯಾಕ್ಟರಿನ ಹಾರ್ನು, ಬೆನ್ನಿಗೆ ತಾಗುವಷ್ಟು ಹತ್ತಿರ. ಎಡಕ್ಕೆ ಡಾಂಬರಿನ ಅಂಚು ಗೇಣುದ್ದ ಕುಸಿದಿದೆ. ಬಲಕ್ಕೆ ಟ್ರೇಲರ್‌ನ ಗಾಲಿ ನನ್ನ ಮೊಣಕಾಲಿನ ಸಮಕ್ಕೆ ತಿರುಗುತ್ತಿದೆ. ಎಡಗೈಯ ಬ್ರೇಕು ಒತ್ತಿದರೆ ಹಿಂದಿನವನ ಬಾಯಿಗೆ, ಕಬ್ಬು ಬಿಡದಿದ್ದರೆ ಈ ಗಾಲಿಗೆ. ಕೂಗಿದೆ. ಮುಂದಿನ ಚಾಲಕ ಹಾಕಿದ್ದ ಹಾಡಿನ ಅಬ್ಬರದಲ್ಲಿ ಅದು ನನಗೇ ಕೇಳಲಿಲ್ಲ. ಕೈಯಂತೂ ಬಿಡುತ್ತಿಲ್ಲ, ಬೆರಳುಗಳು ನನ್ನವೇ ಅಲ್ಲ.

ಕೊನೆಗೆ ಬಿಟ್ಟದ್ದು ಕಬ್ಬು. ಹೊರೆಯಿಂದ ಸರಕ್ಕನೆ ಕಿತ್ತು ಬಂತು. ಸೈಕಲ್ಲು ಎಡಕ್ಕೆ ವಾಲಿ, ಅಂಚಿನಿಂದ ಧಡ್ಡನೆ ಇಳಿದು, ಜಾಲಿ ಕಂಟಿಯಲ್ಲಿ ನಿಂತಿತು. ಎರಡನೆಯ ಟ್ರ್ಯಾಕ್ಟರು ಬಾಜೂಕ್ಕೇ ಹಾದುಹೋಯಿತು. ಅದರ ಎರಡೂ ಟ್ರೇಲರ್ ದಾಟುವವರೆಗೆ ನಾನು ಉಸಿರಾಡಲಿಲ್ಲ. ಕೈಯಲ್ಲಿ ಕಬ್ಬು ಹಾಗೇ ಇತ್ತು. ಅದನ್ನು ದೂರಕ್ಕೆ ಎಸೆದು, ಅಂಗಡಿಯವರೆಗೂ ಸೈಕಲ್ಲು ನೂಕಿಕೊಂಡೇ ಹೋದೆ. ಅವತ್ತು ತಂತಿ ಸುತ್ತುವಾಗ ಸುತ್ತುಗಳ ಲೆಕ್ಕ ಮೂರು ಸಲ ತಪ್ಪಿತು.

ಮನೆಯಲ್ಲಿ ಹೇಳಬಾರದೆಂದು ನಿಶ್ಚಯ ಮಾಡಿಯೇ ಊಟಕ್ಕೆ ಕೂತೆ. ರೊಟ್ಟಿ ಮುರಿದು ಕೆಂಪು ಖಾರಕ್ಕೆ ಒತ್ತಿದೆ ನೋಡಿ, ಬೆರಳುಗಳೆಲ್ಲ ಭಗ್ಗೆಂದು ಉರಿದವು. ಕಬ್ಬಿನ ರವದಿ, ಅಂದರೆ ಅದರ ಒಣ ಎಲೆ, ಎಲ್ಲೆಲ್ಲಿ ಗೀರಿತ್ತೋ ಅಲ್ಲೆಲ್ಲ ಖಾರ ಹೊಕ್ಕಿತ್ತು.

“ಒಂದ ಚಮಚ ಕೊಡ,” ಎಂದೆ.

ಜನ್ಮದಲ್ಲಿ ರೊಟ್ಟಿಗೆ ಚಮಚ ಕೇಳಿದವನಲ್ಲ ನಾನು. ಅವಳು ಚಮಚ ತರಲಿಲ್ಲ. ಪಕ್ಕದಲ್ಲಿ ಕೂತು ನನ್ನ ಬಲಗೈ ಎಳೆದು ದೀಪಕ್ಕೆ ಹಿಡಿದಳು.

“ತಾಮ್ರದ ತಂತಿ ಕೊಯ್ದೈತಿ,” ಎಂದೆ.

“ತಂತಿ ಕೊಯ್ದಿದ್ದ ಇಪ್ಪತ್ತೆರಡ ವರ್ಷ ನೋಡೇನಿ,” ಎಂದಳು. “ಇದು ರವದಿ.”

ನನ್ನ ಸಿಟ್ಟಾದರೂ ನೆರವಿಗೆ ಬರುತ್ತದೇನೋ ಎಂದು ಕಾದೆ. ಅದು ಬರಲಿಲ್ಲ. ನಾಚಿಕೆಯಷ್ಟೇ ಇತ್ತು.

“ಅಣ್ಣನ್ನ ಮನಿಗಿ ತಂದಾಗ ಕೈ ತೊಳದಾಕಿ ನಾನು,” ಎಂದಳು, ಅಂಗೈಯಿಂದ ಕಣ್ಣು ತೆಗೆಯದೆ. “ಅವನ ಕೈಯಾಗೂ ಹಿಂಗ ಗೀರ ಇದ್ವು. ಅವನೂ ಅವ್ವಗ ಮಾತ ಕೊಟ್ಟಿದ್ದ.”

ಆಮೇಲೆ ಅವಳು ಎದ್ದಳು. ಒಂದು ತಂಬಿಗೆ ನೀರು ತಂದು, ನನ್ನ ಕೈಯನ್ನು ತಾಟಿನ ಮೇಲೆ ಹಿಡಿದು, ಬೆರಳು ಬೆರಳನ್ನೂ ಬಿಡಿಸಿ ತೊಳೆದಳು.